ನಮ್ಮತ್ತೆಯ ತಲೆ ಮೇಲೆ ಆಣೆ

ನಮ್ಮ ಸೋದರತ್ತೆಗೆ ತಲೆನೋವು ಬಂತು ಅಂದರೆ ಹೊಳವನಹಳ್ಳಿಯಲ್ಲಿ ಯಾರೋ ಸುಳ್ಳು ಹೇಳಿದ್ದಾರೆ ಅಂತಲೇ ಅರ್ಥ! ನಗಬೇಡಿ. ಊರಿನಲ್ಲಿ ಅರ್ಧ ಜನ ಇದನ್ನು ನಂಬಿದ್ದರು. ಉಳಿದರ್ಧ ಜನ ನಂಬದಿದ್ದರೂ ಹೆದರುತ್ತಿದ್ದರು. ನಾನು ಎರಡನೇ ಗುಂಪಿನವಳು. ಟ್ರೈನಿಂಗ್ ಮುಗಿಸಿ ಅದೇ ಊರಿನ ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರಮ್ಮ ಆಗಿದ್ದವಳು. ಹಗಲೆಲ್ಲ "ಬೆಕ್ಕು ಅಡ್ಡ ಬಂದರೆ ಏನೂ ಆಗಲ್ಲ ಮಕ್ಕಳೇ, ಅದು ಬೆಕ್ಕಿನ ದಾರಿ" ಅಂತ ಪಾಠ ಮಾಡೋದು, ಸಂಜೆ ಮನೆಗೆ ಬಂದು ಅತ್ತೆ ಹಣೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರೆ "ಇವತ್ತು ನಾನೇನಾದರೂ ಅಂದೆನಾ?" ಅಂತ ನೆನಪು ಮಾಡಿಕೊಳ್ಳೋದು. ವಿದ್ಯೆ ಅಂದರೆ ಇದೇ ಇರಬೇಕು!

ಅಪ್ಪ ಅಮ್ಮ ಇಬ್ಬರೂ ನಾನು ಚಿಕ್ಕವಳಿರುವಾಗಲೇ ಹೋಗಿಬಿಟ್ಟಿದ್ದರು. ಅಪ್ಪನ ಅಕ್ಕನಾದ ಈ ಅತ್ತೆಯೇ ನನ್ನನ್ನು ಸಾಕಿದವಳು. ಅವಳಿಗೆ ಗಂಡ ಇರಲಿಲ್ಲ, ಮಕ್ಕಳೂ ಇರಲಿಲ್ಲ. ನನಗೆ ಮದುವೆ ಆಗಿರಲಿಲ್ಲ, ಅದರ ಯೋಚನೆಯೂ ಆ ಹೊತ್ತಿಗೆ ಮುಗಿದಿತ್ತು.

ಅತ್ತೆಗೆ ಓದು ಬರಹ ಗೊತ್ತಿರಲಿಲ್ಲ. ಆದರೆ ಆಣೆಯ ವಿಷಯದಲ್ಲಿ ಅವಳು ದೊಡ್ಡ ಪಂಡಿತೆ. ಆಣೆ ಬೇರೆ, ಪ್ರಮಾಣ ಬೇರೆ, ಭಾಷೆ ಬೇರೆ. ಭಾಷೆ ಅಂದರೆ ಕೈ ಮೇಲೆ ಕೈ ಇಟ್ಟು ಕೊಡೋದು, ತಪ್ಪಿದರೆ ಮರ್ಯಾದೆ ಹೋಗುತ್ತೆ, ಪ್ರಾಣ ಹೋಗಲ್ಲ. ಪ್ರಮಾಣ ಅಂದರೆ ಗುಡಿಯಲ್ಲಿ ಕರ್ಪೂರ ಹಚ್ಚಿ ಮಾಡೋದು, ಅದು ಜಮೀನಿನ ಜಗಳಕ್ಕೆ. ಶಪಥ ಅಂದರೆ ನಾಟಕದಲ್ಲಿ ರಾಜಾಪಾರ್ಟಿನವರು ಗದೆ ಹಿಡಿದು ಕೂಗಾಡೋದು, ಬೆಳಗಾದರೆ ಅವರು ಬೀಡಿ ಸೇದುತ್ತಾ ಕೂತಿರುತ್ತಾರೆ. ಪ್ರತಿಜ್ಞೆ ಅಂದರೆ ಸರ್ಕಾರದ್ದು. ಆಣೆ ಒಂದೇ ನಿಜವಾದದ್ದು! ಅದನ್ನು ಉಸಿರಾಡುವ ತಲೆ ಮೇಲೇ ಇಡಬೇಕು. ಸುಳ್ಳಾದರೆ ಆ ತಲೆಗೇ ತಗಲುತ್ತೆ. ಇಟ್ಟ ಆಣೆಯನ್ನು ಇಳಿಸಬೇಕಾದರೆ ಇಟ್ಟವರೇ ಬರಬೇಕು. ತಲೆಯನ್ನು ಮೂರು ಸಲ ಮುಟ್ಟಿ "ಬಿಟ್ಟೆ, ಬಿಟ್ಟೆ, ಬಿಟ್ಟೆ" ಅಂದು, ಅಲ್ಲೇ ನಿಂತು ನಿಜ ಹೇಳಬೇಕು. ಇದು ಅತ್ತೆಯ ಕಾನೂನು. ಇದಕ್ಕೆ ಅಪೀಲು ಇರಲಿಲ್ಲ.

"ದೇವರಾಣೆಗೂ" ಅಂತ ಯಾರಾದರೂ ಅಂದರೆ ಅವಳಿಗೆ ತಾತ್ಸಾರ. "ದೇವ್ರಿಗೇನಾಯ್ತದೆ? ಆವಯ್ಯಂದು ಕಲ್ಲು ತಲೆ. ನೋವಾಗೋ ತಲೆ ಮ್ಯಾಲೆ ಇಡ್ಲಾ ನೋಡಾನ!" ಅನ್ನುತ್ತಿದ್ದಳು. ಒಂದು ಸಲ ಪಂಚಾಯ್ತಿ ರೇಡಿಯೋದಲ್ಲಿ ಹೊಸ ಮಂತ್ರಿಗಳು ಪ್ರಮಾಣವಚನ ಸ್ವೀಕರಿಸಿದರು ಅಂತ ಬಂತು. ಅತ್ತೆ ಕೇಳಿದಳು, "ಯಾರ ತಲೆ ಮ್ಯಾಲೆ ಇಟ್ರಂತೆ?"

"ದೇವರ ಹೆಸರಲ್ಲಿ, ಅತ್ತೆ."

"ಅಂಗಾದ್ರೆ ನಮ್ಗೆ ಕೆಟ್ಟದ್ದೂ ಆಗಕ್ಕಿಲ್ಲ, ಒಳ್ಳೇದೂ ಆಗಕ್ಕಿಲ್ಲ ಬುಡು" ಅಂದು ಎದ್ದು ಹೋದಳು.

ನಮ್ಮ ಬೀದಿಯಲ್ಲಿ ಹಾಲು ಮಾರುವವಳೊಬ್ಬಳಿದ್ದಳು. ಒಂದಿನ ಅತ್ತೆಗೆ ತಲೆ ಸಿಡಿಯುವಷ್ಟು ನೋವು. ಹಣೆಪಟ್ಟಿ ಕಟ್ಟಿಕೊಂಡೇ ಅವಳ ಮನೆಗೆ ನಡೆದಳು. ನಾನು ಹಿಂದೆ.

"ಲೇ, ಹಾಲಿಗೆ ನೀರು ಬೆರ್ಸಿಲ್ಲ ಅಂತ ನನ್ ತಲೆ ಮ್ಯಾಲೆ ಆಣೆ ಇಟ್ಯಲ್ಲ, ತೆಗಿ ಅದ್ನ!"

ಅವಳು ಹೆದರಿ ಹೋದಳು. "ಅಯ್ಯೋ, ನಾನು ನಿಮ್ ತಲೆ ಮ್ಯಾಲೆ ಇಟ್ಟಿಲ್ಲ ಕಣಮ್ಮೋ. ನಮ್ ಎಮ್ಮೆ ತಲೆ ಮ್ಯಾಲೆ ಇಟ್ಟಿದ್ದು!"

ಇನ್ನೊಬ್ಬರಾಗಿದ್ದರೆ ನಕ್ಕು ವಾಪಸ್ಸು ಬರುತ್ತಿದ್ದರು. ನಮ್ಮತ್ತೆ ಮುಖ ಸಪ್ಪಗಾಯಿತು. "ಎಮ್ಮೆ ಹೆಂಗೈತೆ?" ಅಂದಳು.

"ಎಲ್ಡ್ ದಿನದಿಂದ ಮೇವು ಮುಟ್ಟಿಲ್ಲ."

ಸರಿ! ಕೊಟ್ಟಿಗೆಗೆ ಮೂವರೂ ಹೋದೆವು. ಹಾಲಿನವಳು ಎಮ್ಮೆಯ ತಲೆಯನ್ನು ಮೂರು ಸಲ ಮುಟ್ಟಿ "ಬಿಟ್ಟೆ, ಬಿಟ್ಟೆ, ಬಿಟ್ಟೆ, ಅರ್ಧ ಸೇರು ನೀರು ಆಕಿದ್ದೆ ಕಣವ್ವ" ಅಂತ ಎಮ್ಮೆಗೇ ತಪ್ಪೊಪ್ಪಿಕೊಂಡಳು. ಎಮ್ಮೆ ಒಂದು ಸಲ ನಮ್ಮನ್ನೆಲ್ಲ ನೋಡಿತು. ಆಮೇಲೆ ಹುಲ್ಲಿಗೆ ಬಾಯಿ ಹಾಕಿತು! ಅವತ್ತಿನಿಂದ ಅತ್ತೆಯ ಕಾನೂನನ್ನು ಪ್ರಶ್ನೆ ಮಾಡುವ ಗಂಡಸು ಊರಿನಲ್ಲಿ ಉಳಿಯಲಿಲ್ಲ. ಹಾಗಾದರೆ ಅತ್ತೆಯ ತಲೆನೋವಿಗೆ ಯಾರು ಕಾರಣ ಅಂತ ಕೇಳುತ್ತೀರಾ? ಅದೊಂದು ಪತ್ತೆಯಾಗಲಿಲ್ಲ. ಬಹುಶಃ ಬಿಸಿಲು.

ಇನ್ನೊಂದು ಸಲ ಶಿರಾಕ್ಕೆ ಸೀರೆ ತರೋಕೆ ಹೋಗಿದ್ದೆವು. ಮಸೀದಿ ಹತ್ತಿರ ಒಬ್ಬರು ಸಾಹೇಬರ ಅಂಗಡಿ. ಬಿಳಿ ಗಡ್ಡ, ಮೆಲುಮಾತು. ಒಂದು ಕೆಂಪು ಸೀರೆ ಹರಡಿ "ಖುದಾ ಕಸಮ್ ಅಮ್ಮಾ, ಬಣ್ಣ ಹೋಗಲ್ಲ" ಅಂದರು.

"ಕಸಮ್ ಅಂದ್ರೆ ಆಣೆ ತಾನೇ? ಯಾರ ತಲೆ ಮ್ಯಾಲೆ?"

"ತಲೆ ಮೇಲಲ್ಲಮ್ಮಾ. ಮೇಲೆ ಇರೋನ ಹೆಸರಲ್ಲಿ."

"ಮ್ಯಾಲಿರೋನು ಬಣ್ಣ ಹೋದ್ರೆ ಕೆಳೀಕ್ ಬತ್ತಾನಾ ಸಾಬ್ರೇ? ಮನೇಲಿ ಮೊಮ್ಮಕ್ಳು ಅವ್ರಾ? ಅವ್ರ ತಲೆ ಮ್ಯಾಲೆ ಇಡಿ ನೋಡಾನ."

ನನಗೆ ನಾಚಿಕೆಯಿಂದ ನೆಲ ಬಿರಿಯಬಾರದಾ ಅನ್ನಿಸಿತು. ಸಾಹೇಬರು ಗಡ್ಡ ನೀವಿಕೊಂಡರು. ಸೀರೆ ನೋಡಿದರು. ಅತ್ತೆಯನ್ನು ನೋಡಿದರು. ಸೀರೆಯನ್ನು ನಿಧಾನವಾಗಿ ಮಡಚಿ ಒಳಗಿಟ್ಟು, "ಅಮ್ಮಾ, ಇದು ಸ್ವಲ್ಪ ಹೋಗುತ್ತೆ. ಆ ಹಸಿರು ತಗೊಳ್ಳಿ" ಅಂದರು! ಆ ಹಸಿರು ಸೀರೆ ಹನ್ನೊಂದು ವರ್ಷ ಬಾಳಿತು.

ಇಷ್ಟೆಲ್ಲ ಬೇರೆಯವರ ಕೈಲಿ ಆಣೆ ಇಡಿಸುತ್ತಿದ್ದ ನಮ್ಮತ್ತೆ ತಾನು ಮಾತ್ರ ಒಂದೇ ಒಂದು ಆಣೆ ಇಟ್ಟವಳಲ್ಲ. ಯಾಕತ್ತೆ ಅಂದರೆ, "ಬಾಯಿ ಜಾರ್ತದೆ ಕಣಮ್ಮಿ. ನಾಲಿಗೆಗೆ ಮೂಳೆ ಇಲ್ಲ. ಇನ್ನೊಬ್ರ ತಲೆ ನಮ್ಮ ನಾಲಿಗೆ ಮ್ಯಾಲೆ ಯಾಕೆ ಇಡಾನ?" ಅನ್ನುತ್ತಿದ್ದಳು.

ಇಂಥವಳ ಕಣ್ಣಿಗೆ ಪೊರೆ ಬಂತು ನೋಡಿ.

ಒಂದೇ ದಿನದಲ್ಲಿ ಬರಲಿಲ್ಲ. ಏಳೆಂಟು ವರ್ಷ ತಗೊಂಡು ಮೆಲ್ಲಗೆ ಬಂತು. ಮೊದಮೊದಲು ಅಕ್ಕಿಯಲ್ಲಿ ಕಲ್ಲು ಕಾಣಲಿಲ್ಲ. ಆಮೇಲೆ ಕಲ್ಲಿನಲ್ಲಿ ಅಕ್ಕಿ ಕಾಣಲಿಲ್ಲ. ಹಗ್ಗದ ಮೇಲೆ ಒಣಹಾಕಿದ್ದ ನನ್ನ ಸೀರೆಗೆ "ನಿಂತೇ ಇದೀಯಲ್ಲೇ, ಸ್ಕೂಲಿಗೆ ಹೊತ್ತಾಗಲಿಲ್ವಾ?" ಅಂತ ಬೈಯುತ್ತಿದ್ದಳು. ನಾನು ಅಡುಗೆಮನೆಯಿಂದ ಓಗೊಟ್ಟರೆ "ನೀನು ಅಲ್ಲಿದೀಯಾ? ಹಂಗಾದ್ರೆ ಇಲ್ಲಿರೋದು ಯಾರು?" ಅಂತ ಸೀರೆಯನ್ನೇ ಕೇಳುತ್ತಿದ್ದಳು. ನಗು ಬರುತ್ತಿತ್ತು. ಆದರೆ ಒಂದು ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಅವಳು ಕಟ್ಟೆ ಎಲ್ಲಿ ಮುಗಿಯುತ್ತೆ ಅಂತ ಕಾಲಿನಲ್ಲಿ ತಡಕುತ್ತಿದ್ದುದನ್ನು ನೋಡಿದೆ. ಆಮೇಲೆ ನಗು ಬರಲಿಲ್ಲ. ಕ್ಲಾಸಿನಲ್ಲಿ ಮಗ್ಗಿ ಹೇಳಿಸುವಾಗಲೂ ಆ ಬಾವಿಯೇ ಕಣ್ಣಮುಂದೆ.

ಆ ವರ್ಷ ಮಧುಗಿರಿಯಲ್ಲಿ ಕಣ್ಣಿನ ಕ್ಯಾಂಪು ನಡೆಯುತ್ತೆ ಅಂತ ಸುದ್ದಿ ಬಂತು. ಬೆಂಗಳೂರಿನ ಡಾಕ್ಟರು ಬರುತ್ತಾರೆ, ಬೆಟ್ಟದ ಕೆಳಗಿನ ಛತ್ರದಲ್ಲಿ ಆಪರೇಷನ್ನು. ನಾನು ವಿಷಯ ಎತ್ತಿದ್ದೇ ತಡ, ಅತ್ತೆ ಕೇಳಿದಳು, "ಕಣ್ಣಿಗೆ ಕತ್ತಿ ಆಕ್ತಾರಾ?"

"ಇಲ್ಲತ್ತೆ, ಕತ್ತಿ ಯಾಕೆ? ಔಷಧಿ ಬಿಟ್ಟು ಹತ್ತಿಯಲ್ಲಿ ಒರೆಸ್ತಾರೆ. ಪೊರೆ ಬಿಟ್ಟೋಗುತ್ತೆ."

"ನನ್ ತಲೆ ಮುಟ್ಟಿ ಹೇಳು."

ನನಗೆ ಎಲ್ಲ ಗೊತ್ತಿತ್ತು. ಕತ್ತಿ ಹಾಕ್ತಾರೆ, ಕೊಯ್ತಾರೆ, ಹೊಲಿಗೆ ಹಾಕಿದರೂ ಹಾಕಬಹುದು. ನಿಜ ಹೇಳಿದರೆ ಅವಳು ಬರಲ್ಲ. ಬರದಿದ್ದರೆ ಬಾವಿ! ನನ್ನ ಕೈ ತಾನಾಗಿ ಹೋಗಿ ಅವಳ ತಲೆ ಮೇಲೆ ಕೂತಿತು. "ಕತ್ತಿ ಹಾಕಲ್ಲ. ನಿನ್ನಾಣೆ" ಅಂದೆ.

ಅತ್ತೆ ತಕ್ಷಣ ಎದ್ದು ಟ್ರಂಕಿನಿಂದ ಸೀರೆ ತೆಗೆದಳು. ಅಷ್ಟು ಸುಲಭಕ್ಕೆ ನಂಬಿಬಿಟ್ಟಳು, ನನಗೆ ಅಳು ಬಂತು.

ಕೊರಟಗೆರೆಗೆ ಒಂದು ಬಸ್ಸು, ಅಲ್ಲಿಂದ ಮಧುಗಿರಿಗೆ ಇನ್ನೊಂದು. ದಾರಿಯುದ್ದಕ್ಕೂ ಅತ್ತೆ "ತಲೆ ಹಗೂರಾಗೈತೆ ಕಣೇ" ಅಂತ ಸಂತೋಷಪಟ್ಟಳು. ನಾನು ಪ್ರತಿ ಹಳ್ಳದ ಕುಲುಕಿಗೂ ಅವಳ ಮುಖ ನೋಡುತ್ತಿದ್ದೆ. ಛತ್ರದಲ್ಲಿ ನೆಲಕ್ಕೆ ಹುಲ್ಲು ಹಾಸಿ ಚಾಪೆ ಹಾಕಿದ್ದರು. ಹೆಂಗಸರ ಸಾಲಿನಲ್ಲಿ ಅತ್ತೆಯ ಪಕ್ಕ ಪಾವಗಡದ ಕಡೆಯ ಒಬ್ಬಾಕೆ. ಅರ್ಧ ಕನ್ನಡ, ಅರ್ಧ ತೆಲುಗು, ಒಂದು ನಿಮಿಷ ಸುಮ್ಮನಿರದ ಬಾಯಿ. ಆಪರೇಷನ್ ಆಯಿತು. ಅತ್ತೆಯ ಎರಡು ಕಣ್ಣಿಗೂ ಪಟ್ಟಿ ಕಟ್ಟಿ, ತಲೆಯ ಆಚೆ ಈಚೆ ಮರಳಿನ ಚೀಲ ಇಟ್ಟು ಮಲಗಿಸಿದರು. ಡಾಕ್ಟರು ನನ್ನನ್ನು ಕರೆದು ಹೇಳಿದರು. ಏಳು ದಿನ ತಲೆ ಅಲ್ಲಾಡಬಾರದು. ಕೆಮ್ಮಬಾರದು, ಸೀನಬಾರದು. ಮುಖ್ಯವಾಗಿ ಅಳಬಾರದು. "ಮನಸ್ಸಿಗೆ ಬೇಜಾರಾಗೋ ಮಾತು ಒಂದೂ ಆಡಬೇಡಿ. ಅತ್ತರೆ ಕಣ್ಣು ಹೋಗುತ್ತೆ, ತಿಳೀತಾ?"

ತಿಳಿಯದೆ ಏನು! ನನ್ನ ಪಜೀತಿ ನೋಡಿ. ನಿಜ ಹೇಳಿ ಆಣೆ ಇಳಿಸಿದರೆ ಅತ್ತೆ ಅಳುತ್ತಾಳೆ, ಕಣ್ಣು ಹೋಗುತ್ತೆ. ಇಳಿಸದಿದ್ದರೆ ಸುಳ್ಳಾಣೆ ತಗಲುತ್ತೆ, ಕಣ್ಣು ಹೋಗುತ್ತೆ. ಅತ್ತ ದರಿ ಇತ್ತ ಪುಲಿ ಅಂತ ಮಕ್ಕಳಿಗೆ ಎಷ್ಟು ಸಲ ಅರ್ಥ ಹೇಳಿಕೊಟ್ಟಿದ್ದೆನೋ, ನನಗೆ ಅರ್ಥವಾಗಿದ್ದು ಆವಾಗಲೇ.

ಎರಡನೇ ದಿನ ಡಾಕ್ಟರನ್ನು ಕೇಳಿಯೇ ಬಿಟ್ಟೆ. "ಸಾರ್, ಅತ್ತೆ ತಲೇನ ಮೆತ್ತಗೆ ಮೂರು ಸಲ ಮುಟ್ಟಬಹುದಾ?"

"ಯಾಕೆ?"

ಏನು ಹೇಳಲಿ? "ಪ್ರೀತಿಗೆ" ಅಂದೆ.

"ಪ್ರೀತಿ ಏಳು ದಿನ ಆದಮೇಲೆ ಇಟ್ಕೊಳ್ಳಿ. ಈಗ ಮುಟ್ಟಿದರೆ ನಿಮ್ಮನ್ನು ಹೊರಗೆ ಕಳಿಸ್ತೀನಿ."

ಅವರು ಅತ್ತ ಹೋದಮೇಲೆ ಮರಳಿನ ಚೀಲವನ್ನೇ ಮೂರು ಸಲ ಮುಟ್ಟಿ ಬಾಯೊಳಗೇ "ಬಿಟ್ಟೆ, ಬಿಟ್ಟೆ, ಬಿಟ್ಟೆ" ಅಂದುಕೊಂಡೆ. ಚೀಲ ತಲೆಗೆ ತಗುಲಿಕೊಂಡಿದೆಯಲ್ಲ, ನಾನು ಬಿಟ್ಟಿದ್ದು ಹೆಂಗಾದರೂ ದಾಟಿ ಹೋಗಬಹುದು ಅಂತ ಆಸೆ! ಸರ್ಕಾರಿ ಶಾಲೆಯ ಉಪಾಧ್ಯಾಯಿನಿ, ಮರಳಿನ ಚೀಲದ ಮುಂದೆ ಕೈ ಮುಗಿದು ಕೂತಿದ್ದೆ. ನಮ್ಮ ಇನ್‌ಸ್ಪೆಕ್ಟರು ನೋಡಿದ್ದರೆ ಅವತ್ತೇ ನನ್ನನ್ನು ಮನೆಗೆ ಕಳಿಸುತ್ತಿದ್ದರು.

ಅಷ್ಟರಲ್ಲಿ ಪಾವಗಡದಾಕೆ ಶುರು ಮಾಡಿದಳು. "ಅಕ್ಕಾ, ನೀ ಕಣ್ಣಿಗೆ ಎಷ್ಟು ಕೊಯ್ದ್ರು? ನಾಕೈತೆ ಚಾಲಾ ಕೊಯ್ದ್ರಕ್ಕಾ, ಒಟ್ಟು!" ನನಗಂತೂ ತುಂಬಾ ಕೊಯ್ದರು ಅಂತ. ಒಟ್ಟು ಅಂದರೆ ಅವರ ಕಡೆ ಆಣೆ. ಸಾಲದ್ದಕ್ಕೆ ತನ್ನ ತಲೆ ಮೇಲೆ ತಾನೇ ಕೈ ಇಟ್ಟುಕೊಂಡು ಹೇಳುತ್ತಿದ್ದಾಳೆ! ನಾನು ಗಾಬರಿಯಾಗಿ ಬೇಡ ಬೇಡ ಅಂತ ಎರಡೂ ಕೈ ಆಡಿಸಿದೆ, ತುಟಿಗೆ ಬೆರಳಿಟ್ಟೆ, ಕೊನೆಗೆ ಕೈ ಮುಗಿದೆ. ಏನು ಪ್ರಯೋಜನ? ಅವಳ ಕಣ್ಣಿಗೂ ಪಟ್ಟಿ! ಇಡೀ ಸಾಲಿನಲ್ಲಿ ಕಣ್ಣು ಬಿಟ್ಟುಕೊಂಡಿದ್ದವಳು ನಾನೊಬ್ಬಳೇ. ಆ ಅಭಿನಯವನ್ನೆಲ್ಲ ನೋಡಿದ್ದು ಛತ್ರದ ಗೋಡೆ ಮಾತ್ರ.

ಅತ್ತೆ ಹೇಳಿದಳು, "ನಿಂಗೆ ಕೊಯ್ದಿರಬೈದು ಕಣಮ್ಮ. ನಂಗೆ ಹತ್ತೀಲಿ ಒರ್ಸಿದ್ರು. ನಮ್ ಹುಡುಗಿ ಆಣೆ ಇಟ್ಟು ಹೇಳವಳೆ."

ನಾನು ಎದ್ದು ಹೊರಗೆ ಹೋಗಿ ಕಂಬ ಹಿಡಿದುಕೊಂಡು ನಿಂತೆ. ಎದುರಿಗೆ ಮಧುಗಿರಿ ಬೆಟ್ಟ. ಒಂದೇ ಬಂಡೆ. ಅದನ್ನೇ ಯಾರೋ ನನ್ನ ಎದೆ ಮೇಲೆ ಇಟ್ಟ ಹಾಗಾಯಿತು. ಅನ್ನ ಸೇರಲಿಲ್ಲ. ಮಾತಾಡಿದರೆ ಗಂಟಲು ನಡುಗುತ್ತಿತ್ತು. ಅತ್ತೆಗೆ ಕಣ್ಣು ಕಟ್ಟಿದ್ದರೇನು, ಕಿವಿ ಕಟ್ಟಿರಲಿಲ್ಲ.

ಮೂರನೇ ದಿನ ನರ್ಸಮ್ಮ ಬಂದು ಕೇಳಿದರು, "ಅಜ್ಜೀ, ನೋವಿದೆಯಾ?"

"ಇಲ್ಲ."

"ಸಂಕೋಚ ಬೇಡ, ಇದ್ರೆ ಹೇಳಿ."

"ಒಂಚೂರೂ ಇಲ್ಲ ಕಣವ್ವ. ನಮ್ ಹುಡುಗಿ ತಲೆ ಮ್ಯಾಲಾಣೆ."

ನನಗೆ ಕಿವಿ ನಂಬಲಾಗಲಿಲ್ಲ. ಅತ್ತೆ ಆಣೆ ಇಟ್ಟಳು! ಹುಟ್ಟಿದ ಮೇಲೆ ಮೊದಲನೇ ಸಲ! ಅಂದಮೇಲೆ ನಿಜವಾಗಿಯೂ ನೋವಿಲ್ಲ. ನೋವಿಲ್ಲ ಅಂದಮೇಲೆ ಕಣ್ಣು ಚೆನ್ನಾಗಿದೆ, ನನ್ನ ಸುಳ್ಳು ಇನ್ನೂ ತಗಲಿಲ್ಲ! ಅವತ್ತು ಎರಡು ದಿನದ ಹಸಿವನ್ನೆಲ್ಲ ಸೇರಿಸಿ ಮುದ್ದೆ ಉಂಡೆ.

ಆದರೆ ಅವತ್ತಿನಿಂದಲೇ ಅತ್ತೆಗೆ ಹೊಸ ಚಾಳಿ ಶುರುವಾಯಿತು. ಗಂಟೆಗೊಂದು ಸಲ, "ಅಮ್ಮಿ, ಇದೀಯಾ?"

"ಇಲ್ಲೇ ಇದೀನಿ ಅತ್ತೆ."

"ತಲೆನೋವೇನಾದ್ರೂ ಬಂತಾ?"

"ಇಲ್ಲ."

"ಮೈ ಬೆಚ್ಚಗೈತಾ? ಕೈ ಕೊಡು ಇಲ್ಲಿ." ಕೈ ಹಿಡಿದು ನೋಡಿ, "ಬಿಸಿಲಿಗೆ ಹೋಗ್ಬ್ಯಾಡ. ಮೆಟ್ಲು ನೋಡ್ಕೊಂಡು ಇಳಿ. ಬಸ್ಸು ಓಡಾಡೋ ಕಡೆ ಹೋಗ್ಲೇಬ್ಯಾಡ!" ಮತ್ತೆ ಗಂಟೆ ಕಳೆದರೆ ಮತ್ತೆ ಅದೇ ಪ್ರಶ್ನೆ. ಇವಳಿಗೆ ನನ್ನ ಸುಳ್ಳಿನ ವಾಸನೆ ಬಡಿದಿದೆ, ಅದಕ್ಕೇ ಸುತ್ತಿ ಬಳಸಿ ತನಿಖೆ ಮಾಡುತ್ತಿದ್ದಾಳೆ ಅಂದುಕೊಂಡೆ. ಐದನೇ ದಿನಕ್ಕೆ ನಿಜವಾಗಿಯೂ ತಲೆನೋವು ಬಂತು. ಹೇಳಲಿಲ್ಲ, ಹೆದರಿಕೆ!

ಏಳನೇ ದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ನಾನು ಸೆರಗಿನ ಚುಂಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದೆ. ಡಾಕ್ಟರು ಅತ್ತೆಯನ್ನು ಎಬ್ಬಿಸಿ ಕೂರಿಸಿ, ಒಂದು ದಪ್ಪ ಗಾಜನ್ನು ಅವಳ ಕಣ್ಣ ಮುಂದೆ ಹಿಡಿದು, ಎರಡು ಬೆರಳು ತೋರಿಸಿದರು.

"ಇದೆಷ್ಟು ಅಜ್ಜೀ?"

"ಅದು ಇರ್ಲಿ ತೆಗೀರಿ. ನಮ್ ಹುಡುಗಿ ಎಲ್ಲಿ?"

"ಎಷ್ಟು ಬೆರಳು ಹೇಳಿ ಮೊದಲು."

"ಎಲ್ಡು! ನಮ್ ಹುಡುಗಿ ಎಲ್ಲಿ?"

ಕಂಡಿತು! ಅವಳಿಗೆ ಕಂಡಿತು! ನಾನು ಹೋಗಿ ಅವಳ ಮುಂದೆ ಕೂತೆ. ಅತ್ತೆ ಗಾಜನ್ನು ಡಾಕ್ಟರ ಕೈಯಿಂದ ತಾನೇ ಕಿತ್ತುಕೊಂಡು ನನ್ನ ಮುಖ ನೋಡಿದಳು. ಹಣೆ ನೋಡಿದಳು. ಕೆನ್ನೆ ನೋಡಿದಳು. ಬೈತಲೆಯ ಹತ್ತಿರ ನೋಡಿದಳು, ನೋಟ ಅಲ್ಲೇ ನಿಂತುಬಿಟ್ಟಿತು.

"ಅಯ್ಯೋ ನನ್ ಮಗಾ! ತಗಲ್ಬುಡ್ತಲ್ಲೇ!"

"ಏನು ತಗಲಿತು ಅತ್ತೆ?"

"ಕೂದ್ಲೆಲ್ಲ ಬೆಳ್ಳಗಾಗೈತೆ! ಕೆನ್ನೆ ಬತ್ತೋಗೈತೆ! ಕಣ್ಣ ಸುತ್ತ ಕಪ್ಪು! ಎಲ್ಲಾ ನನ್ನಿಂದ್ಲೇ ಕಣೇ. ನೋವಿತ್ತು. ಹಗಲೂ ರಾತ್ರಿ ಚಾಕು ಆಕಿ ತಿರುವ್ದಂಗೆ ನೋವಿತ್ತು. ನೋವು ಅಂದ್ರೆ ನೀನು ಅಳ್ತೀಯ ಅಂತ, ಬರೀ ಇಲ್ಲ ಅಂದ್ರೆ ನಂಬಲ್ಲ ಅಂತ, ನಿನ್ ತಲೆ ಮ್ಯಾಲೆ ಸುಳ್ಳಾಣೆ ಇಟ್ಬುಟ್ಟೆ. ನಾಕ್ ದಿನದಿಂದ ನಿಂಗೇನಾಯ್ತದೋ ಅಂತ ಉಸಿರು ಬಿಗಿ ಹಿಡ್ಕೊಂಡಿವ್ನಿ!" ಅಂದವಳೇ ನನ್ನ ತಲೆಯನ್ನು ಗಡಿಬಿಡಿಯಲ್ಲಿ ಮೂರು ಸಲ ಮುಟ್ಟಿ, "ಬಿಟ್ಟೆ, ಬಿಟ್ಟೆ, ಬಿಟ್ಟೆ" ಅಂದಳು.

"ಅಜ್ಜೀ, ಅಳಬಾರದು!" ಅಂತ ಡಾಕ್ಟರು ಕೂಗಿದರು. ಯಾರು ಕೇಳುತ್ತಾರೆ?

ಅವಳು ನನ್ನ ಮುಖವನ್ನು ಕಡೆಯ ಸಲ ಸರಿಯಾಗಿ ನೋಡಿ ಏಳೆಂಟು ವರ್ಷವಾಗಿತ್ತು. ಆವಾಗ ನನಗೆ ಇಪ್ಪತ್ತೇಳು, ಮೈಕೈ ತುಂಬಿಕೊಂಡಿದ್ದೆ. ಆಮೇಲೆ ಇಷ್ಟು ವರ್ಷವೂ ಮಂಜಿನೊಳಗೆ ಅವಳು ನೋಡಿಕೊಂಡಿದ್ದು ಆ ಇಪ್ಪತ್ತೇಳರ ಮುಖವನ್ನೇ. ಕೂದಲು ನರೆತಿದ್ದು, ಕೆನ್ನೆ ಇಳಿದಿದ್ದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನಂತೂ ಹೇಳಿರಲಿಲ್ಲ.

"ಅತ್ತೆ, ನನ್ನದೂ ಒಂದಿದೆ" ಅಂದೆ. ಅವಳ ತಲೆಯನ್ನು ಮೆತ್ತಗೆ ಮೂರು ಸಲ ಮುಟ್ಟಿ ಬಿಟ್ಟೆ ಅಂದು, ಕತ್ತಿಯ ವಿಷಯ ಹೇಳಿದೆ. ಹತ್ತಿ ಸುಳ್ಳು, ಔಷಧಿ ಸುಳ್ಳು, ನಿನ್ನ ತಲೆ ಮೇಲೆ ಇಟ್ಟಿದ್ದು ಸುಳ್ಳಾಣೆ ಅಂತ ಎಲ್ಲಾ ಹೇಳಿದೆ. ಅವಳು ಬೈಯಲಿಲ್ಲ. ಕೇಳಿಸಿಕೊಂಡಳೋ ಇಲ್ಲವೋ, ಅವಳ ಕಣ್ಣೆಲ್ಲ ನನ್ನ ಬೈತಲೆಯ ಮೇಲೇ. "ನಿನ್ ಸುಳ್ಳು ನಂಗೆ ಕಣ್ಣು ಕೊಡ್ತು. ನನ್ ಸುಳ್ಳು ನಿನ್ನ ಇಂಗೆ ಮಾಡ್ತಲ್ಲೇ" ಅಂತ ಮತ್ತೆ ಕೆನ್ನೆ ಸವರಿದಳು.

"ಅಲ್ಲತ್ತೆ! ಇದು ನಾಲ್ಕು ದಿನದ್ದಲ್ಲ. ವಯಸ್ಸು. ಬಹಳ ವರ್ಷದಿಂದ ಹಿಂಗೇ ಇದೀನಿ, ನಿನಗೆ ಕಾಣ್ತಿರಲಿಲ್ಲ ಅಷ್ಟೇ."

"ನಿಜವಾ?"

ಅಭ್ಯಾಸಬಲದಿಂದ ಕೈ ಎತ್ತಿದೆ. ಕೈ ಗಾಳಿಯಲ್ಲೇ ನಿಂತಿತು. ಇನ್ನು ಅವಳ ತಲೆ ಮೇಲೆ ಇಡುವ ಧೈರ್ಯ ನನಗಿರಲಿಲ್ಲ. ಅವಳನ್ನು ಬಿಟ್ಟರೆ ನನಗೆ ಬೇರೆ ಯಾರ ತಲೆ ಇತ್ತು? ಅತ್ತೆಯೂ ನನ್ನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಅವಳೇ ಮೆತ್ತಗೆ ಅದನ್ನು ಹಿಡಿದು ಕೆಳಗಿಳಿಸಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಆಣೆ ಬ್ಯಾಡ" ಅಂದಳು. "ಸುಮ್ಕೆ ಹೇಳು. ನಂಬ್ತೀನಿ."